ಡೊನಬೇಡಿಯನ್ ಲೇಖನ ಮತ್ತು ಉಲ್ಲೇಖಗಳ ಲೆಕ್ಕ

ವೈದ್ಯಕೀಯ ಸೇವೆಯ ಗುಣಮಟ್ಟವನ್ನು ಅಳೆಯುವ ಶಾಸ್ತ್ರಕ್ಕೂ ಸಂಶೋಧಕರ ಬರಹವನ್ನು ಉಲ್ಲೇಖಗಳಿಂದ ಅಳೆಯುವ ಪದ್ಧತಿಗೂ ಅಮೆರಿಕದಲ್ಲಿ ಗಟ್ಟಿ ತಳಹದಿ ಬಿದ್ದದ್ದು 1960ರ ದಶಕದಲ್ಲಿ. ಮೊದಲನೆಯದಕ್ಕೆ ಅವೆಡಿಸ್ ಡೊನಬೇಡಿಯನ್, ಎರಡನೆಯದಕ್ಕೆ ಯೂಜೀನ್ ಗಾರ್ಫೀಲ್ಡ್ ಮುಖ್ಯ ಕಾರಣರು.

ಉಲ್ಲೇಖ ಸೂಚಿ ಹುಟ್ಟಿದ್ದು ಪ್ರಯೋಗಾಲಯದಲ್ಲಲ್ಲ, ನ್ಯಾಯಾಲಯದ ಅಗತ್ಯದಿಂದ. ಅಮೆರಿಕದ ಇಲಿನಾಯ್‌ನಲ್ಲಿ ಫ್ರಾಂಕ್ ಶೆಪರ್ಡ್ 1873ರಲ್ಲಿ ಆರಂಭಿಸಿದ ಸೂಚಿಯಲ್ಲಿ ಹಳೆಯ ತೀರ್ಪನ್ನು ನಂತರ ಯಾವ ಯಾವ ತೀರ್ಪುಗಳು ಉಲ್ಲೇಖಿಸಿವೆ ಎಂಬುದು ವಕೀಲರಿಗೆ ಸಿಗುತ್ತಿತ್ತು. ಎತ್ತಿಹಿಡಿದದ್ದೋ ತಳ್ಳಿಹಾಕಿದ್ದೋ ಎಂಬುದಕ್ಕೂ ಈ ಸೂಚಿಯಲ್ಲಿ ಗುರುತುಗಳು ಬಂದವು. ಗಾರ್ಫೀಲ್ಡ್ ಈ ಮಾದರಿಯನ್ನು ವಿಜ್ಞಾನಕ್ಕೆ ತರುವ ಪ್ರಸ್ತಾಪವನ್ನು 1955ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಮಂಡಿಸಿದರು. ಫಿಲಡೆಲ್ಫಿಯಾದ ಅವರ ಸಂಸ್ಥೆ 1963ರಲ್ಲಿ ಹೊರತಂದ ಮೊದಲ ಸೈನ್ಸ್ ಸೈಟೇಶನ್ ಇಂಡೆಕ್ಸ್ 613 ಪತ್ರಿಕೆಗಳ ಸುಮಾರು 14 ಲಕ್ಷ ಉಲ್ಲೇಖಗಳನ್ನು ಒಳಗೊಂಡಿತ್ತು. ಅಷ್ಟು ದೊಡ್ಡ ಕೆಲಸದಲ್ಲಿ ವಕೀಲರ ಆ ಗುರುತುಗಳು ಉಳಿಯಲಿಲ್ಲ. ಮೆಚ್ಚಿ ಉಲ್ಲೇಖಿಸಿದರೂ ಖಂಡಿಸಿ ಉಲ್ಲೇಖಿಸಿದರೂ ಲೆಕ್ಕ ಒಂದೇ ಆಯಿತು. ಮುಂದಿನ ಬಹುತೇಕ ತಕರಾರುಗಳ ಬೇರು ಇಲ್ಲಿದೆ.

ಡೊನಬೇಡಿಯನ್ 1919ರಲ್ಲಿ ಬೈರೂತಿನ ಅರ್ಮೇನಿಯನ್ ಕುಟುಂಬದಲ್ಲಿ ಹುಟ್ಟಿದವರು. ಅಲ್ಲಿಯ ಅಮೆರಿಕನ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದಿ, 1955ರಲ್ಲಿ ಹಾರ್ವರ್ಡ್‌ನಿಂದ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ ಪಡೆದರು. 1961ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯ ಸೇರಿದರು. ಅವರ ಹೆಸರನ್ನು ಶಾಶ್ವತಗೊಳಿಸಿದ ಲೇಖನ ‘ಮಿಲ್‌ಬ್ಯಾಂಕ್ ಮೆಮೋರಿಯಲ್ ಫಂಡ್ ಕ್ವಾರ್ಟರ್ಲಿ’ಯಲ್ಲಿ ಬಂದದ್ದು 1966ರಲ್ಲಿ. ಅದರಲ್ಲಿ ಹೊಸ ಪ್ರಯೋಗವಿಲ್ಲ, ಹೊಸ ಸಮೀಕ್ಷೆಯೂ ಇಲ್ಲ. ಅಲ್ಲಲ್ಲಿ ಚದುರಿದ್ದ ಅಧ್ಯಯನಗಳನ್ನು ಕೂಡಿಸಿ, ಅವುಗಳ ವಿಧಾನವನ್ನು ತೂಗಿ ನೋಡಿದ ವಿಮರ್ಶೆ ಅದು.

ಆರೈಕೆಯ ಗುಣಮಟ್ಟವನ್ನು ಮೂರು ಕಡೆಯಿಂದ ನೋಡಬಹುದು ಎಂದು ಡೊನಬೇಡಿಯನ್ ತೋರಿಸಿದರು. ಕಟ್ಟಡ, ಸಲಕರಣೆ, ಸಿಬ್ಬಂದಿಯ ಅರ್ಹತೆ, ಆಡಳಿತ ಇವೆಲ್ಲ ರಚನೆ. ರೋಗಿಗೆ ನಿಜವಾಗಿ ಏನು ಮಾಡಲಾಯಿತು ಎಂಬುದು ಪ್ರಕ್ರಿಯೆ. ಆಮೇಲೆ ರೋಗಿ ಹೇಗಾದ ಎಂಬುದು ಫಲಿತಾಂಶ. ಈ ತ್ರಿಪದಿ ಪಠ್ಯಪುಸ್ತಕಗಳಿಗೆ ಸುಲಭವಾಗಿ ಇಳಿಯಿತು. ಅದರ ಜೊತೆಗಿದ್ದ ಎಚ್ಚರಿಕೆ ಅಷ್ಟು ಸುಲಭವಾಗಿ ಇಳಿಯಲಿಲ್ಲ. ಫಲಿತಾಂಶ ಗಟ್ಟಿ ಸಾಕ್ಷಿಯಂತೆ ಕಂಡರೂ ಅದಕ್ಕೆ ಚಿಕಿತ್ಸೆಯೊಂದೇ ಕಾರಣವಲ್ಲ. ಕೆಲವು ಫಲ ಕಾಣಲು ವರ್ಷಗಳೇ ಬೇಕು. ಕೊಲ್ಲದೆ ಅಂಗವಿಕಲತೆ ತರುವ ಕಾಯಿಲೆಯಲ್ಲಿ ಬದುಕುಳಿದವರನ್ನು ಎಣಿಸಿ ಚಿಕಿತ್ಸೆ ಗೆದ್ದಿತೆನ್ನಲಾಗದು. 1980ರಿಂದ 1985ರವರೆಗೆ ಬಂದ ಮೂರು ಸಂಪುಟಗಳಲ್ಲಿ ಅವರು ಈ ವಿಚಾರಗಳನ್ನು ವಿಸ್ತಾರವಾಗಿ ಬೆಳೆಸಿದರು.

ಆರೋಗ್ಯ ಸೇವಾ ಸಂಶೋಧನೆಯಲ್ಲಿ ಅತಿ ಹೆಚ್ಚು ಉಲ್ಲೇಖಗೊಂಡ ಬರಹಗಳ ಸಾಲಿನಲ್ಲಿ 1966ರ ಲೇಖನ ನಿಂತಿತು. ಆದರೂ ಈ ಲೆಕ್ಕ ಅದರ ಪ್ರಭಾವವನ್ನು ಪೂರ್ತಿ ಹಿಡಿಯಲಾರದು. ಮೂಲವನ್ನು ಹೆಸರಿಸದೆಯೇ ‘ರಚನೆ, ಪ್ರಕ್ರಿಯೆ, ಫಲಿತಾಂಶ’ ಎಂದು ಬರೆಯುವವರು ಅನೇಕರು. ಒಂದು ವಿಚಾರ ಎಲ್ಲರ ಸ್ವತ್ತಾದಾಗ ಅದರ ಕರ್ತೃವಿನ ಉಲ್ಲೇಖ ಮರೆಯಾಗುತ್ತದೆ ಎಂಬುದನ್ನು ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಗುರುತಿಸಿದ್ದರು. ಆಸ್ಪತ್ರೆಯ ಒಳಗಿನ ನಿಯಮಾವಳಿ, ತಪಾಸಣಾ ಪಟ್ಟಿ, ತರಬೇತಿಯ ಪಾಠ ಇವು ಪತ್ರಿಕೆಗಳ ಸೂಚಿಗೆ ಸಿಗುವುದೇ ಇಲ್ಲ; ಈ ಕ್ಷೇತ್ರದ ಕೆಲಸ ಸಾರ್ಥಕವಾಗುವುದೋ ಅಲ್ಲಿಯೇ.

ಇತ್ತ ಉಲ್ಲೇಖದ ಲೆಕ್ಕ ಗ್ರಂಥಾಲಯದಿಂದ ನೇಮಕಾತಿ ಸಮಿತಿಗೆ ಸಾಗಿತು. ಪತ್ರಿಕೆಗಳನ್ನು ಆರಿಸಲೆಂದು ರೂಪಿಸಿದ್ದ ಇಂಪ್ಯಾಕ್ಟ್ ಫ್ಯಾಕ್ಟರ್ ವ್ಯಕ್ತಿಗಳನ್ನು ತೂಗುವ ಕಲ್ಲಾಯಿತು. ಭೌತವಿಜ್ಞಾನಿ ಹೋರ್ಹೆ ಹಿರ್ಶ್ 2005ರಲ್ಲಿ ಎಚ್-ಇಂಡೆಕ್ಸ್ ಸೂಚಿಸಿದರು: ತಲಾ 20 ಅಥವಾ ಹೆಚ್ಚು ಉಲ್ಲೇಖ ಪಡೆದ 20 ಲೇಖನಗಳಿದ್ದು, ತಲಾ 21 ಪಡೆದವು 21 ಇಲ್ಲದಿದ್ದರೆ ಅಂಕ 20. ಸಾವಿರಾರು ಸಲ ಉಲ್ಲೇಖಗೊಂಡ ಲೇಖನವೂ ಇಲ್ಲಿ ಒಂದೇ ಲೇಖನ. 1966ರ ಬರಹದಂಥ ಕೃತಿಗೆ ಈ ಅಳತೆಯಲ್ಲಿ ನ್ಯಾಯ ಸಿಗುವುದಿಲ್ಲ. 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೇರಿದ ಸಂಪಾದಕರು ಮತ್ತು ಪ್ರಕಾಶಕರು ರೂಪಿಸಿದ ಘೋಷಣೆ, ಪತ್ರಿಕೆಯ ಅಂಕದಿಂದ ಸಂಶೋಧಕರನ್ನು ಅಳೆಯಬಾರದು ಎಂದಿತು. 2015ರ ಲೈಡನ್ ಪ್ರಣಾಳಿಕೆ ಅಂಕಿಗಳು ತಜ್ಞರ ವಿವೇಚನೆಗೆ ನೆರವಾಗಬೇಕೇ ಹೊರತು ಅದರ ಜಾಗಕ್ಕೆ ಬರಬಾರದು ಎಂದಿತು.

ಡೊನಬೇಡಿಯನ್ 2000ದ ನವೆಂಬರ್‌ನಲ್ಲಿ ತೀರಿಕೊಂಡಿದ್ದರು. ಅವರ ಲೇಖನವನ್ನು ‘ಮಿಲ್‌ಬ್ಯಾಂಕ್ ಕ್ವಾರ್ಟರ್ಲಿ’ ಮತ್ತೆ ಅಚ್ಚು ಹಾಕಿದ್ದು ಎಚ್-ಇಂಡೆಕ್ಸ್ ಬಂದ 2005ರಲ್ಲಿಯೇ.