ಒಂದೇ ತಾರೀಖು: ನಾವು ಬಂದೆವು, ದ್ವೀಪಗಳು ಹೋದವು

ಈ ಸಲದ ಕಂತು ಶುರುವಾಗಿದ್ದು ಲೈಬ್ರರಿಯಲ್ಲಲ್ಲ, ನಮ್ಮ ಮನೆಯ ವಾಟ್ಸಾಪ್ ಗ್ರೂಪಿನಲ್ಲಿ. ಹುಮನಾಬಾದಿನಲ್ಲಿರೋ ಮಾಮನ ಮಗ ಒಂದು ಪೋಲ್ ಹಾಕಿದ್ದ. ಡಿಸೆಂಬರ್ ರಜೆಗೆ ಯಾವ ದ್ವೀಪ? ಮಾಲ್ಡೀವ್ಸ್, ಅಂಡಮಾನ್, ಲಕ್ಷದ್ವೀಪ. ನಾಲ್ಕನೆಯದಾಗಿ ಯಾರೋ ತಮಾಷೆಗೆ 'ತ್ರಿಪುರಾಂತ ಕೆರೆ' ಅಂತ ಸೇರಿಸಿದ್ರು. ಬಸವಕಲ್ಯಾಣದವರಿಗೆ ಗೊತ್ತಲ್ಲ, ನಮ್ಮೂರಲ್ಲಿ 'ಬೀಚ್' ಅಂತ ಇರೋದು ಅದೊಂದೇ. ಅದಕ್ಕೇ ಜಾಸ್ತಿ ಓಟು ಬಿತ್ತು.

ತಮಾಷೆ ಬಿಡಿ. ನಿಜವಾದ ವಿಷಯ ಏನಂದ್ರೆ, ನಮ್ಮ ಅವ್ವ ಇವತ್ತಿನವರೆಗೂ ಸಮುದ್ರ ನೋಡಿಲ್ಲ. ಅಪ್ಪ ಇದ್ದಾಗ ಪ್ರತಿ ಸಲ 'ಮುಂದಿನ ವರ್ಷ' ಅಂತಿದ್ದರು. ಈಗ ಅವ್ವನಿಗೆ ಮೊಣಕಾಲು ನೋವು, ನನ್ನ ಕೈಯಲ್ಲಿ ಚೀಟಿ ಎತ್ತಿದ ಒಂದಿಷ್ಟು ದುಡ್ಡು. ಒಂದೇ ಸಲ ಹೋಗೋದು, ಸರಿಯಾದ ಕಡೆ ಹೋಗಬೇಕು. ಬಿ.ಕಾಂ. ಓದಿದವನಲ್ವಾ, ಎಕ್ಸೆಲ್ ಶೀಟ್ ತೆರೆದೆ. ಖರ್ಚು, ದಾರಿ, ದಿನ ಅಂತ ಕಾಲಂ ಹಾಕಿದೆ. ಕೊನೆಗೆ 'ಇತಿಹಾಸ' ಅಂತ ಇನ್ನೊಂದು ಕಾಲಂ ಹಾಕಿದೆ. ಅಲ್ಲಿ ಸಿಕ್ಕಿಬಿದ್ದೆ.

ಮೊದಲು ಒಂದು ತಪ್ಪು ಕಲ್ಪನೆ ತೆಗೆದುಬಿಡೋಣ. ನಾವು ಬೀದರ್ ಜಿಲ್ಲೆಯವರು ಸಮುದ್ರಕ್ಕೂ ನಮಗೂ ಏನೂ ಸಂಬಂಧ ಇಲ್ಲ ಅಂತ ತಿಳ್ಕೊಂಡಿದ್ದೀವಿ. ಸಮುದ್ರಮಟ್ಟದಿಂದ 600 ಮೀಟರಿಗೂ ಮೇಲೆ ಕೂತಿದ್ದೀವಿ, ನಾಲ್ಕೂ ಕಡೆ ಬಯಲು, ತೊಗರಿ, ಕಬ್ಬು. ಆದರೆ ಹುಮನಾಬಾದ್ ತಾಲೂಕಿನ ಜಲಸಂಗ್ವಿಗೆ ಹೋಗಿ ನೋಡಿ. ಅಲ್ಲಿನ ಚಾಲುಕ್ಯರ ಕಾಲದ ಗುಡಿಯ ಹೊರಗೋಡೆಯಲ್ಲಿ ಒಬ್ಬ ಹೆಣ್ಣುಮಗಳು ಬೆನ್ನು ತಿರುಗಿಸಿ ನಿಂತು ಕಲ್ಲಿನ ಮೇಲೆ ಬರೆಯುತ್ತಿದ್ದಾಳೆ. ಶಾಸನ ಸುಂದರಿ ಅಂತಾರೆ. ಅವಳು ಬರೆಯುತ್ತಿರೋದು ಆರನೇ ವಿಕ್ರಮಾದಿತ್ಯನ ಹೊಗಳಿಕೆ. ಏಳು ದ್ವೀಪಗಳನ್ನು ಒಳಗೊಂಡ ಭೂಮಿಯನ್ನೇ ಅವನು ತನ್ನದಾಗಿಸಿಕೊಳ್ಳುತ್ತಾನೆ ಅನ್ನೋ ಅರ್ಥದ ಸಾಲು. ನಮ್ಮ ಜಿಲ್ಲೆಯ ಕಲ್ಲಿನಲ್ಲಿ 'ದ್ವೀಪ' ಅನ್ನೋ ಪದ, ಅದೂ 900 ವರ್ಷದ ಹಿಂದೆ! ಅದು ಪುರಾಣದ ಸಪ್ತದ್ವೀಪ, ನಾವು ರೀಲ್ಸಲ್ಲಿ ನೋಡೋ ದ್ವೀಪ ಅಲ್ಲ, ಒಪ್ಪಿಕೊಳ್ಳೋಣ. ಆದರೂ ನನಗೆ ಖುಷಿಯಾಯ್ತು.

ವಿಕ್ರಮಾದಿತ್ಯ ಆಳಿದ್ದು 1076ರಿಂದ 1126. ರಾಜಧಾನಿ ಕಲ್ಯಾಣ, ಅಂದ್ರೆ ನಮ್ಮೂರು. ಅವನ ಮಗಳು ಮೈಲಲದೇವಿಯನ್ನು ಗೋವೆಯ ಕದಂಬರ ಎರಡನೇ ಜಯಕೇಶಿಗೆ ಕೊಟ್ಟು ಮದುವೆ ಮಾಡಿದರು. ಕಲ್ಯಾಣದ ಮಗಳು ಕಡಲ ದಂಡೆಗೆ ಸೊಸೆಯಾಗಿ ಹೋದಳು. ನನ್ನ ಲೆಕ್ಕದಲ್ಲಿ ನಮ್ಮೂರಿನ ಮೊದಲ 'ಸೀ ವ್ಯೂ' ಮನೆ ಅವಳದ್ದೇ.

ಅವನ ಮಗ ಮೂರನೇ ಸೋಮೇಶ್ವರ. ಈತ ಯುದ್ಧಕ್ಕಿಂತ ಪುಸ್ತಕಕ್ಕೆ ಹೆಸರಾದವನು. ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಬರೆದ. ನೂರು ಅಧ್ಯಾಯ, ಇಪ್ಪತ್ತಿಪ್ಪತ್ತರ ಐದು ಭಾಗ. ರಾಜ್ಯಭಾರ, ಅಡುಗೆ, ಆನೆ, ಸಂಗೀತ, ಎಲ್ಲಾ ಇದೆ. ಕೊನೆಯ ಭಾಗದಲ್ಲಿ ಇಪ್ಪತ್ತು ಕ್ರೀಡೆಗಳಿವೆ. ಅದರಲ್ಲಿ ತೋಯಕ್ರೀಡೆ ಅಂದ್ರೆ ನೀರಾಟ, ವಾಲುಕಾಕ್ರೀಡೆ ಅಂದ್ರೆ ಮರಳಿನ ಮೇಲಿನ ಆಟ, ಬೆಳದಿಂಗಳ ಆಟ ಬೇರೆ. ಹನ್ನೆರಡನೇ ಶತಮಾನದಲ್ಲಿ ಕಲ್ಯಾಣದ ಅರಸನೊಬ್ಬ ಮರಳಿನ ಮೇಲೆ ಹೇಗೆ ಕಾಲ ಕಳೆಯಬೇಕು ಅಂತ ಬರೆದಿಟ್ಟಿದ್ದಾನೆ. ರಜೆ ಮಾಡೋದು ಪರದೇಶದವರಿಂದ ಕಲಿತದ್ದು ಅಂತ ಯಾರಾದ್ರೂ ಅಂದ್ರೆ ಇದನ್ನ ಹೇಳಿ. ಆದರೆ ಅದು ರಾಜನ ರಜೆ. ಆಳು ಕಾಳು ಸಾಮಾನು ಹೊತ್ತು ಹಿಂದೆ ಹೋಗುತ್ತಿದ್ದ ಕಾಲ. ನಮ್ಮಂಥವರ ಅವ್ವಂದಿರು ಮರಳಿನ ಮೇಲೆ ಸುಮ್ಮನೆ ಕೂತುಕೊಳ್ಳೋದು ಬಹಳ ಈಚಿನ ಸಂಗತಿ.

ಈಗ ಪೋಲ್‌ಗೆ ಬರೋಣ.

ಮಾಲ್ಡೀವ್ಸ್. 1965ರಲ್ಲಿ ಸ್ವತಂತ್ರವಾದ ದೇಶ, 1972ರಲ್ಲಿ ಕುರುಂಬಾ ಅನ್ನೋ ಮೊದಲ ರೆಸಾರ್ಟ್ ಶುರುವಾಯ್ತು. ಅವರ ಪದ್ಧತಿ ಏನಂದ್ರೆ, ಜನ ಇಲ್ಲದ ಒಂದೊಂದು ದ್ವೀಪಕ್ಕೆ ಒಂದೊಂದು ರೆಸಾರ್ಟ್. ಪ್ರವಾಸಿ ಬಂದು ಹೋದರೂ ಊರಿನವರ ಮುಖ ನೋಡಬೇಕಾಗಿಲ್ಲ. ಊರೊಳಗೆ ಗೆಸ್ಟ್‌ಹೌಸ್ ಬಂದಿದ್ದು 2009ರ ನಂತರ. ಜೇಬಿಗೆ ಭಾರ, ಪಾಸ್‌ಪೋರ್ಟ್ ಬೇಕು, ಅವ್ವನ ಹತ್ರ ಇಲ್ಲ. ಕಾಲಂ ಕೆಂಪು.

ಅಂಡಮಾನ್. ಹ್ಯಾವ್‌ಲಾಕ್ ಅಂತಿದ್ದ ದ್ವೀಪ 2018ರಲ್ಲಿ ಸ್ವರಾಜ್ ದ್ವೀಪ ಆಯ್ತು. ರಾಧಾನಗರ ಬೀಚು ಅಲ್ಲೇ ಇರೋದು. ಚೆಂದ, ಆದರೆ ನಮ್ಮ ಕಡೆಯಿಂದ ಹೈದರಾಬಾದ್ ತಲುಪಿ, ವಿಮಾನ ಹತ್ತಿ, ಹಿಂದೆ ಪೋರ್ಟ್ ಬ್ಲೇರ್ ಅಂತಿದ್ದ ಶ್ರೀ ವಿಜಯಪುರಂನಲ್ಲಿ ಇಳಿದು, ಮತ್ತೆ ಬೋಟು. ಅವ್ವ ಕೇಳಿದ್ಲು, 'ಅದು ಕಾಳಾಪಾನಿ ಅಲ್ಲೇನೋ? ಜೇಲಿಗೆ ಕಳಸೋರು ಅಲ್ಲಿಗೆ?' ಹೌದು ಅಂದೆ. 'ಹಂಗಾದ್ರ ಬ್ಯಾಡ.' ಚರ್ಚೆ ಮುಗೀತು.

ಉಳಿದಿದ್ದು ಲಕ್ಷದ್ವೀಪ. 2024ರ ಜನವರಿಯಲ್ಲಿ ಪ್ರಧಾನಿ ಅಲ್ಲಿ ಹೋಗಿ ಬಂದ ಮೇಲೆ ನಮ್ಮ ಕ್ಲಾಸ್‌ಮೇಟುಗಳ ಸ್ಟೇಟಸ್ ತುಂಬ ಅದೇ ನೀಲಿ ನೀರು. ಆ ಗದ್ದಲದಲ್ಲಿ ಯಾರೂ ಹೇಳದ ಒಂದು ವಿಷಯ ಇದೆ. ಈ ದ್ವೀಪಗಳಲ್ಲಿ ಐದು ನೂರೈವತ್ತಕ್ಕೂ ಹೆಚ್ಚು ವರ್ಷ ಮಂಗಳೂರಿನಿಂದ... ಕ್ಷಮಿಸಿ, ಬಾಯಿ ತಪ್ಪಿತು, *ನೂರೈವತ್ತಕ್ಕೂ ಹೆಚ್ಚು* ವರ್ಷ ಮಂಗಳೂರಿನಿಂದ ಆಳಿಸಿಕೊಂಡಿದ್ದವು. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲತ್, ಬಿತ್ರಾ, ಈ ಐದು. ಒಟ್ಟಾಗಿ ಇವನ್ನು ಅಮಿನಿದಿವಿ ಅಂತಿದ್ದರು. ದಕ್ಷಿಣ ಕನ್ನಡ ಜಿಲ್ಲೆಯ ಭಾಗ!

ಹೇಗೆ ಬಂದವು ಅನ್ನೋದು ಸ್ವಾರಸ್ಯ. ಆ ದ್ವೀಪಗಳೆಲ್ಲ ಕಣ್ಣೂರಿನ ಅರಕ್ಕಲ್ ಮನೆತನದ ಕೈಯಲ್ಲಿದ್ದವು. ಹವಳದ ನೆಲ, ಅಲ್ಲಿ ಭತ್ತ ಬೆಳೆಯಲ್ಲ. ಬೆಳೆಯೋದು ತೆಂಗು. ತೆಂಗಿನ ಸಿಪ್ಪೆಯನ್ನು ತಿಂಗಳುಗಟ್ಟಲೆ ನೆನೆಹಾಕಿ, ಹೆಂಗಸರು ಬಡಿದು ನಾರು ಬಿಡಿಸಿ ಹುರಿ ಹೊಸೆಯುತ್ತಿದ್ದರು. ಆ ಹುರಿಯನ್ನು ಅರಮನೆಗೇ ಕೊಡಬೇಕು, ಅರಮನೆ ಹೇಳಿದ ರೇಟಿಗೆ. ಬದಲಿಗೆ ಅಕ್ಕಿ, ಅದೂ ಅವರು ಕಟ್ಟಿದ ಬೆಲೆಗೆ. ಕೊಳ್ಳುವವ ಒಬ್ಬನೇ, ಊಟ ಮಾರುವವನೂ ಅವನೇ. ಕೊಳ್ಳುವವ ಒಬ್ಬನೇ ಇರೋ ಮಾರುಕಟ್ಟೆಗೆ ಕಾಲೇಜಿನಲ್ಲಿ ಮೊನಾಪ್ಸನಿ ಅಂತ ಹೇಳಿಕೊಟ್ಟಿದ್ದರು. ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ, ಅರ್ಥ ಆಗಿದ್ದು ಈಗ. ಕಬ್ಬು ಕಡಿದು ಫ್ಯಾಕ್ಟರಿ ಗೇಟಿನ ಮುಂದೆ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಕಾದ ನಮ್ಮ ಕಡೆಯ ರೈತನಿಗೆ ಇದನ್ನ ಬಿಡಿಸಿ ಹೇಳೋ ಅಗತ್ಯ ಇಲ್ಲ.

1780ರ ದಶಕದಲ್ಲಿ ಅಮಿನಿಯ ಜನ ಬೇಸತ್ತು ಹಾಯಿದೋಣಿ ಹತ್ತಿ ಸೀದಾ ಮಂಗಳೂರಿಗೆ ಬಂದರು. ಆಗ ಮಂಗಳೂರು ಟಿಪ್ಪು ಸುಲ್ತಾನನದು. ನಮ್ಮನ್ನ ನೀವೇ ತಗೊಳ್ಳಿ ಅಂತ ಕೇಳಿಕೊಂಡರು. ಟಿಪ್ಪು ಅರಕ್ಕಲ್ ಬೀಬಿಯ ಜೊತೆ ಮಾತಾಡಿ ಅಮಿನಿದಿವಿ ಗುಂಪನ್ನು ತನ್ನ ಆಡಳಿತಕ್ಕೆ ತಗೊಂಡ. ಉಳಿದ ದ್ವೀಪಗಳು ಬೀಬಿಯ ಹತ್ತಿರವೇ ಉಳಿದವು. ಗಮನಿಸಿ, ಇಲ್ಲಿ ದ್ವೀಪದವರನ್ನು ಯಾರೋ ಗೆದ್ದಿದ್ದಲ್ಲ. ಸಣ್ಣ ಊರಿನವರೇ ತಮ್ಮನ್ನು ಯಾರು ಆಳಬೇಕು ಅಂತ ಆರಿಸಿಕೊಂಡು ಅರ್ಜಿ ಹಿಡಿದು ಬಂದಿದ್ದು. ಟಿಪ್ಪು ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ಈ ಕಥೆಯಲ್ಲಿ ನನಗೆ ಹಿಡಿಸಿದ್ದು ಆ ದೋಣಿಯಲ್ಲಿದ್ದವರು.

1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಟಿಪ್ಪುವಿನದಾಗಿದ್ದ ಐದೂ ದ್ವೀಪ ಕಂಪನಿಗೆ ಹೋದವು, ಮಂಗಳೂರಿನ ಕಲೆಕ್ಟರ್ ಕೈಕೆಳಗೆ. ಆಮೇಲೆ ಅವರ ಕಷ್ಟ ತೀರಿತಾ? ಎಲ್ಲಿ! ಹುರಿ ಸರಕಾರಕ್ಕೇ ಕೊಡೋದು, ಅಕ್ಕಿ ಸರಕಾರದಿಂದಲೇ ತಗೊಳ್ಳೋದು, ಅದು ಹಂಗೇ ಮುಂದುವರೀತು. ಮಾಲೀಕ ಬದಲಾದ, ತಕ್ಕಡಿ ಬದಲಾಗಲಿಲ್ಲ. ಆದರೆ ಮಂಗಳೂರಿನ ದಾರಿ ಗಟ್ಟಿಯಾಯ್ತು. ಇವತ್ತಿಗೂ ಮಂಗಳೂರಿನ ಹಳೇ ಬಂದರಿನಿಂದ ತರಕಾರಿ, ಸಿಮೆಂಟು, ಜಲ್ಲಿ ತುಂಬಿಕೊಂಡು ಮಂಜಿಗಳು ಲಕ್ಷದ್ವೀಪಕ್ಕೆ ಹೋಗ್ತವೆ.

ಈಗ ಈ ಕಂತಿನ ಹೆಸರಿಗೆ ಬರ್ತೀನಿ. 1956ರ ನವೆಂಬರ್ 1. ರಾಜ್ಯ ಪುನರ್ವಿಂಗಡಣೆ ಕಾಯ್ದೆ ಜಾರಿಯಾದ ದಿನ. ಅಲ್ಲಿಯವರೆಗೆ ನಮ್ಮ ಬೀದರ್ ಹೈದರಾಬಾದ್ ರಾಜ್ಯದಲ್ಲಿತ್ತು. ಕಾಯ್ದೆಯ ಏಳನೇ ಕಲಂ ತೆಗೆದು ಓದಿ, ಹೊಸ ಮೈಸೂರು ರಾಜ್ಯಕ್ಕೆ ಏನೇನು ಸೇರುತ್ತೆ ಅಂತ ಪಟ್ಟಿ ಇದೆ. ಬೀದರ್ ಜಿಲ್ಲೆ, ಆದರೆ ಅಹ್ಮದ್‌ಪುರ, ನಿಲಂಗಾ, ಉದಗೀರ್ ಮತ್ತೆ ಆಂಧ್ರಕ್ಕೆ ಹೋದ ಭಾಗಗಳನ್ನು ಬಿಟ್ಟು. ಅದರ ಕೆಳಗೇ ಇನ್ನೊಂದು ಸಾಲು. ದಕ್ಷಿಣ ಕನ್ನಡ ಜಿಲ್ಲೆ, ಆದರೆ ಕಾಸರಗೋಡು ತಾಲೂಕು ಮತ್ತು ಅಮಿನಿದಿವಿ ದ್ವೀಪಗಳನ್ನು ಬಿಟ್ಟು.

ಒಂದೇ ಕಾಗದ, ಒಂದೇ ತಾರೀಖು. ನಮ್ಮಜ್ಜ ರಾತ್ರಿ ಮಲಗಿದಾಗ ಹೈದರಾಬಾದ್ ರಾಜ್ಯದವನು, ಬೆಳಿಗ್ಗೆ ಎದ್ದಾಗ ಮೈಸೂರಿನವನು. ಅದೇ ಬೆಳಿಗ್ಗೆ ಕಡಮತ್‌ನ ಯಾವುದೋ ಅಜ್ಜ ಮಂಗಳೂರಿನ ಜಿಲ್ಲೆಯಿಂದ ಹೊರಗೆ. ಆ ಐದು ದ್ವೀಪ, ಮಲಬಾರಿನ ಲಕ್ಕದೀವ್ ಮತ್ತು ಮಿನಿಕಾಯ್ ಸೇರಿ ಕೇಂದ್ರಾಡಳಿತ ಪ್ರದೇಶವಾಯ್ತು. 1973ರಲ್ಲಿ ಲಕ್ಷದ್ವೀಪ ಅನ್ನೋ ಹೆಸರು ಬಂತು. ಕಾಸರಗೋಡಿನ ಬಗ್ಗೆ ನಮ್ಮಲ್ಲಿ ಹೋರಾಟ, ಕವಿತೆ, ಸಭೆ ಎಲ್ಲಾ ಆದವು, ಇನ್ನೂ ಆಗ್ತಿವೆ. ಅದೇ ಸಾಲಿನಲ್ಲಿದ್ದ ಅಮಿನಿದಿವಿಗೆ ಯಾರೂ ಅಳಲಿಲ್ಲ. ಅಳಬೇಕಿತ್ತು ಅಂತ ನಾನೂ ಹೇಳಲ್ಲ. ಅಲ್ಲಿನ ಮಾತು ಮಲಯಾಳದ ಒಂದು ರೂಪ, ನಮ್ಮ ಕನ್ನಡ ಅಲ್ಲ. 'ನಮ್ಮ ದ್ವೀಪ ಕಿತ್ಕೊಂಡ್ರು' ಅಂತ ಮಾಮನ ಮಗ ಗ್ರೂಪಿನಲ್ಲಿ ಬರೆದ. ನಾನು ಅವನಿಗೆ ಉತ್ತರ ಕೊಟ್ಟೆ, ಅವು ಅಲ್ಲಿನವರವು, ಮಂಗಳೂರು ಬರೀ ಕಚೇರಿ.

ಇದು ಯಾಕೆ ಮುಖ್ಯ ಅಂದ್ರೆ, ಲಕ್ಷದ್ವೀಪಕ್ಕೆ ಹೋಗೋಕೆ ಭಾರತೀಯರಿಗೂ ಪರ್ಮಿಟ್ ಬೇಕು. 1967ರ ನಿಯಮ ಅದು. ನನಗೆ ಮೊದಲು ಸಿಟ್ಟು ಬಂತು, ನಮ್ಮ ದೇಶದಲ್ಲಿ ನಮಗೇ ಪರ್ಮಿಟ್ಟಾ ಅಂತ. ಆಮೇಲೆ ಅಳತೆ ನೋಡಿದೆ. ಲಕ್ಷದ್ವೀಪದ ಎಲ್ಲಾ ನೆಲ ಸೇರಿಸಿದರೂ ಸುಮಾರು 32 ಚದರ ಕಿಲೋಮೀಟರ್. ಜನ ಇರೋದು ಹತ್ತು ದ್ವೀಪದಲ್ಲಿ. ಕಡಮತ್ ಉದ್ದಕ್ಕೆ 9 ಕಿಲೋಮೀಟರ್ ಚಿಲ್ಲರೆ, ಅಗಲ ಎಲ್ಲೂ ಮುಕ್ಕಾಲು ಕಿಲೋಮೀಟರ್ ಕೂಡ ಇಲ್ಲ. ಹೊಳೆ ಇಲ್ಲ, ಕೆರೆ ಇಲ್ಲ. ಮಳೆ ನೀರು ಮರಳಿನೊಳಗೆ ಇಳಿದು ಉಪ್ಪುನೀರಿನ ಮೇಲೆ ತೆಳ್ಳಗೆ ಒಂದು ಪದರವಾಗಿ ತೇಲ್ತಿರುತ್ತೆ, ಬಾವಿಯಲ್ಲಿ ಸಿಗೋದು ಅದೇ. ಜಾಸ್ತಿ ಎತ್ತಿದರೆ ಕೆಳಗಿನ ಉಪ್ಪು ಮೇಲೆ ಬರುತ್ತೆ. ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕೊಡ ಸಾಲು ಹಚ್ಚಿದ ಊರಿನವರು ನಾವು. ಪರ್ಮಿಟ್ ಮೇಲಿನ ಸಿಟ್ಟು ಅಲ್ಲಿಗೆ ಇಳೀತು.

ಆದರೆ ದಾರಿ? ಪ್ರವಾಸಿಗರು ಸಾಮಾನ್ಯವಾಗಿ ಹೋಗೋದು ಕೊಚ್ಚಿಯಿಂದ. ಹಡಗಿನಲ್ಲಿ 14ರಿಂದ 18 ತಾಸು. ವಿಮಾನವಾದರೆ ಅಗತ್ತಿಗೆ, ಅಲ್ಲಿಂದ ಮತ್ತೆ ಬೋಟು. ಅದಕ್ಕೂ ಮೊದಲು ನಾವು ಕೊಚ್ಚಿ ಮುಟ್ಟಬೇಕು. ಬಸವಕಲ್ಯಾಣಕ್ಕೆ ರೈಲೇ ಇಲ್ಲ. ಹುಮನಾಬಾದಿಗೆ ಕಲಬುರಗಿ ರೈಲು ಬಂದಿದ್ದೇ 2017ರಲ್ಲಿ.

ಇಲ್ಲಿ ಪೋಲ್‌ನಲ್ಲಿಲ್ಲದ ಹೆಸರು ಬಂತು. ಮಲ್ಪೆಯ ಸೇಂಟ್ ಮೇರಿಸ್ ದ್ವೀಪ, ತೋನ್ಸೆಪಾರ್. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಶಿಲುಬೆ ನೆಟ್ಟು ಆ ಹೆಸರಿಟ್ಟ ಅಂತ ಹೇಳ್ತಾರೆ. ನನಗೆ ಅವನಿಗಿಂತ ಅಲ್ಲಿನ ಕಲ್ಲು ಮುಖ್ಯ ಅನಿಸ್ತು. ಕಂಬ ಜೋಡಿಸಿಟ್ಟ ಹಾಗೆ ನಿಂತಿರೋ ಆ ಬಂಡೆ ಜ್ವಾಲಾಮುಖಿಯದ್ದು. ಭಾರತ ಮತ್ತು ಮಡಗಾಸ್ಕರ್ ಬೇರೆಯಾದ ಕಾಲದ್ದು, ಸುಮಾರು 8.8 ಕೋಟಿ ವರ್ಷ. ನಮ್ಮ ಬಸವಕಲ್ಯಾಣದ ಕೋಟೆಯ ಕರಿಕಲ್ಲೂ ಲಾವಾದ್ದೇ, ದಖ್ಖನ್ ಟ್ರ್ಯಾಪ್, ಸುಮಾರು 6.6 ಕೋಟಿ ವರ್ಷ. ಅಂದ್ರೆ ಅಲ್ಲಿನ ಕಲ್ಲು ನಮ್ಮ ಕಲ್ಲಿಗೆ ಅಣ್ಣ. ಮಲ್ಪೆಯಿಂದ ಬೋಟಿನಲ್ಲಿ ಸ್ವಲ್ಪ ಹೊತ್ತಿನ ದಾರಿ, ಮಳೆಗಾಲದಲ್ಲಿ ಮಾತ್ರ ಬಂದ್. ಪರ್ಮಿಟ್ ಬೇಡ. ರಾತ್ರಿ ಉಳಿಯೋ ಹಾಗಿಲ್ಲ, ಸಂಜೆಗೆ ವಾಪಸ್. ಮೊಣಕಾಲು ನೋವಿರೋರಿಗೆ ಅದೇ ಒಳ್ಳೇದು.

ಅವ್ವನ ಮುಂದೆ ಎರಡನ್ನೂ ಇಟ್ಟೆ. ಕಡಮತ್‌ನ ಕಥೆ ಪೂರ್ತಿ ಹೇಳಿದೆ, ದೋಣಿಯಲ್ಲಿ ಬಂದವರು, ಹುರಿ, ಅಕ್ಕಿ, 1956. ಕೇಳಿ ಸುಮ್ಮನಾದ್ಲು. ಆಮೇಲೆ ಕೇಳಿದ್ದು ಒಂದೇ, 'ಆ ಹೆಣ್ಮಕ್ಕಳು ಈಗೂ ನಾರು ಬಡೀತಾರೇನು?' ಕೆಲವರು ಇರಬಹುದು ಅಂದೆ. 'ಹಂಗಾದ್ರ ಈ ಸಲ ಮಲ್ಪೆ ನೋಡಿ ಬರಾಮು. ನೀರಿನ ಅಂಜಿಕೆ ಹೋಗ್ಲಿ. ಆ ಕಡಿದು ಆಮ್ಯಾಲ.'

ಡಿಸೆಂಬರ್ ಮೂರನೇ ವಾರಕ್ಕೆ ಟಿಕೆಟ್ ಆಗಿದೆ. ಕಟಕ ರೊಟ್ಟಿ, ಶೇಂಗಾ ಚಟ್ನಿ ಎಷ್ಟು ಕಟ್ಟಬೇಕು ಅಂತ ಈಗ ಗ್ರೂಪಿನಲ್ಲಿ ಹೊಸ ಪೋಲ್ ನಡೀತಿದೆ. ಮಾಮನ ಮಗ ಮಾತ್ರ ಸುಮ್ಮನಿಲ್ಲ. ಹೋದ ವಾರ ಅವ್ವನನ್ನ ಹುಮನಾಬಾದಿನ ಸ್ಟುಡಿಯೋಗೆ ಕರ್ಕೊಂಡು ಹೋಗಿ, ಪರ್ಮಿಟ್ ಅರ್ಜಿಗೆ ಬೇಕಾಗುತ್ತೆ ಅಂತ ಎಂಟು ಪಾಸ್‌ಪೋರ್ಟ್ ಸೈಜ್ ಫೋಟೋ ತೆಗೆಸಿ ತಂದಿದ್ದಾನೆ. ಎರಡು ಪರ್ಮಿಟ್ಟಿಗೆ, ಉಳಿದ ಆರು ಯಾಕೆ ಅಂತ ಅವ್ವ ಅವನ ಹತ್ರ ಲೆಕ್ಕ ಕೇಳ್ತಿದ್ದಾಳೆ.