ಮರಿ ಮೇಯಿಸುವಿಕೆ: ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯ ಇತಿಹಾಸ

ಹಾಲು ಬಿಟ್ಟ ಕುರಿಮರಿಗಳನ್ನು, ಹೆಚ್ಚಾಗಿ ಗಂಡುಮರಿಗಳನ್ನು, ಸಂತೆಯಲ್ಲಿ ಕೊಂಡೋ ಸ್ವಂತ ಹಿಂಡಿನಿಂದ ಬೇರೆ ಮಾಡಿಯೋ ಮನೆಯ ಬಳಿ ಕಟ್ಟಿ, ನಾಲ್ಕಾರು ತಿಂಗಳು ಹೊಟ್ಟು, ಸೊಪ್ಪು, ಹಿಂಡಿ ಹಾಕಿ ಮೈದುಂಬಿಸಿ ಮಾಂಸಕ್ಕಾಗಿ ಮಾರುವ ಒಕ್ಕಲು ಮನೆಗಳ ಕಸುಬು. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ಶಹಾಬಾದ್, ಚಿಂಚೋಳಿ ತಾಲ್ಲೂಕುಗಳಲ್ಲೂ ವಾಡಿಯ ಸುತ್ತಮುತ್ತಲ ಹಳ್ಳಿಗಳಲ್ಲೂ ಇದು ಬೇಸಾಯಕ್ಕೆ ಅಂಟಿಕೊಂಡೇ ಬೆಳೆದಿದೆ. ಕುರಿಗಾರಿಕೆಯ ಒಂದು ಕವಲು ಎಂದು ಇದನ್ನು ಬರೆದು ಮುಗಿಸುವುದು ವಾಡಿಕೆ. ಈ ಸೀಮೆಯ ಮಟ್ಟಿಗೆ ಅಷ್ಟು ಸಾಲದು. ತೊಗರಿಯ ಕಥೆ ಹೇಳದೆ ಇಲ್ಲಿನ ಮರಿಯ ಕಥೆ ಹೇಳಲು ಬರುವುದಿಲ್ಲ.

ನೆಲ. ಬೇಸಾಯ ವಲಯಗಳ ವಿಂಗಡಣೆಯಲ್ಲಿ ಸೇಡಂ, ಚಿತ್ತಾಪುರ ಈಶಾನ್ಯ ಒಣ ವಲಯಕ್ಕೆ ಸೇರಿವೆ, ಚಿಂಚೋಳಿ ಈಶಾನ್ಯ ಸಂಕ್ರಮಣ ವಲಯಕ್ಕೆ. ಕಾಗಿಣಾ ನದಿಯ ಆಸುಪಾಸಿನಲ್ಲಿ ಯರೆ ಹೊಲ, ಅದರಡಿಯಲ್ಲಿ ಸುಣ್ಣದ ಕಲ್ಲು. ಮೇಲ್ಮಣ್ಣು ತೆಳುವಾದ ಕಡೆ ಮಡ್ಡಿ. ಚಿಂಚೋಳಿಯ ಕಡೆ ಕುರುಚಲು ಕಾಡು, ಲಂಬಾಣಿ ತಾಂಡಾಗಳು. ಮಳೆ ತೀರಾ ಕಡಿಮೆಯೇನಲ್ಲ, ಆದರೆ ನಂಬಿಕೆಗೆ ಒದಗುವುದಿಲ್ಲ. ಮುಂಗಾರು ಕೈಕೊಟ್ಟ ವರ್ಷ ಹೊಲ ಸೋತರೂ ಮನೆಯ ಮುಂದಿನ ನಾಲ್ಕು ಮರಿ ಸಾಲ ಕೊಡುವವನ ಬಾಗಿಲಿಗೆ ಹೋಗುವುದನ್ನು ತಪ್ಪಿಸುತ್ತವೆ.

ಹಿಂಡಿನ ಕಾಲ. ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಆ ಕಾಲದಿಂದಲೂ ಕನ್ನಡ ನಾಡಿನ ವೀರಗಲ್ಲುಗಳಲ್ಲಿ ತುರುಗೋಳಿನ ಸಂಗತಿ ಮತ್ತೆ ಮತ್ತೆ ಬರುತ್ತದೆ; ದನ ಕಾಯ್ದು ಸತ್ತವನಿಗೆ ಕಲ್ಲು ನಿಂತಿತು. ಕುರಿಗೆ ಅಂಥ ದಾಖಲೆ ಕಡಿಮೆ. ಅದರ ನೆನಪು ಉಳಿದಿರುವುದು ಕುರುಬರ ಹಾಲುಮತದ ಪರಂಪರೆಯಲ್ಲಿ, ಬೀರಪ್ಪ, ರೇವಣಸಿದ್ಧರ ಆರಾಧನೆಯಲ್ಲಿ. ರಟಕಲ್ ರೇವಣಸಿದ್ಧೇಶ್ವರ ಈ ಭಾಗದ ದೊಡ್ಡ ಕ್ಷೇತ್ರ. ಹಿಂಡಿನ ಕಾಲದ ಕುರಿ ಎಂದರೆ ದಖ್ಖನಿ ತಳಿ: ಹೆಚ್ಚಾಗಿ ಕಪ್ಪು ಮೈ, ಒರಟು ಉಣ್ಣೆ, ಬಹುದೂರ ನಡೆಯಬಲ್ಲ ಕಾಲು. ಕುರುಬರಿಗೆ ಅದರಿಂದ ಬರುತ್ತಿದ್ದ ಆದಾಯಕ್ಕೆ ಮುಖ್ಯವಾಗಿ ಮೂರು ದಾರಿ. ವರ್ಷಕ್ಕೆರಡು ಸಲ ಕತ್ತರಿಸಿದ ಉಣ್ಣೆ ಕಂಬಳಿಯಾಗುತ್ತಿತ್ತು. ಸುಗ್ಗಿ ಮುಗಿದ ಹೊಲದಲ್ಲಿ ರಾತ್ರಿ ಕುರಿ ತರುಬಿದರೆ ಹೊಲದವರು ಗೊಬ್ಬರದ ಬದಲಿಗೆ ಜೋಳ ಕೊಡುತ್ತಿದ್ದರು. ಮಾಂಸಕ್ಕೆ ಮಾರುವುದು ಮೂರನೆಯದು, ಅದೂ ಮುದಿ ಕುರಿ, ಹೆಚ್ಚುವರಿ ಗಂಡುಮರಿಗಳ ಮಟ್ಟಿಗೆ. ಕಟ್ಟಿ ಮೇಯಿಸಿದ ಟಗರು ಆಗಲೂ ಇತ್ತು. ಗ್ರಾಮದೇವತೆಗೆ ಹರಕೆ ಬಿಟ್ಟದ್ದು, ಬಕ್ರೀದಿಗೆಂದು ಮುಸ್ಲಿಂ ಮನೆಗಳು ಮಗುವಿನಂತೆ ಸಾಕಿದ್ದು, ಕಾಳಗಕ್ಕೆ ಬೆಳೆಸಿದ್ದು. ಮರಿ ಕೊಬ್ಬಿಸುವ ಜಾಣ್ಮೆ ಹುಟ್ಟಿದ್ದು ಈ ಒಂಟಿ ಟಗರಿನ ಗೂಟದ ಬಳಿ ಎಂದು ತೋರುತ್ತದೆ.

ರೈಲು, ಕಲ್ಲು, ಸಿಮೆಂಟು. ಈ ಸೀಮೆ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಮುಂಬೈ–ಮದರಾಸು ರೈಲು ದಾರಿ 1871ರಲ್ಲಿ ರಾಯಚೂರಿನಲ್ಲಿ ಕೂಡಿಕೊಂಡಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ಹಣದಲ್ಲಿ ಕವಲು ದಾರಿ ಬಂತು. ವಾಡಿ ಜಂಕ್ಷನ್ ಆಯಿತು. ಶಹಾಬಾದಿನ ಹಾಸುಗಲ್ಲು ಊರೂರಿಗೆ ಹೋಯಿತು. ಗಣಿಗೆ, ರೈಲಿಗೆ, ಆಮೇಲೆ ಸಿಮೆಂಟ್ ಕಾರ್ಖಾನೆಗಳಿಗೆ ದುಡಿಯಲು ಬಂದವರು ವಾರದ ಕೂಲಿ ಕೈಗೆ ಬರುತ್ತಲೇ ಮಾಂಸ ಕೊಳ್ಳುವವರಾದರು. ಹಬ್ಬಕ್ಕೊಮ್ಮೆ ಇದ್ದ ಬೇಡಿಕೆ ವಾರವಾರದ್ದಾಯಿತು. ವಾಡಿಯ ಸಿಮೆಂಟ್ ಕಾರ್ಖಾನೆ 1968ರಲ್ಲಿ ಶುರುವಾಯಿತು. ಮುಂದಿನ ದಶಕಗಳಲ್ಲಿ ಮಳಖೇಡ, ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಗೂ ಕಾರ್ಖಾನೆಗಳು ಬಂದವು. ಕೊಳ್ಳುವವರನ್ನು ತಂದ ಆ ಸುಣ್ಣದ ಕಲ್ಲೇ ಮಡ್ಡಿಯನ್ನೂ ನುಂಗಿತು. ಗಾಯರಾಣ (ಊರಿನ ಗೋಮಾಳ) ಗಣಿಗೆ ಹೋಯಿತು, ಸಾಗುವಳಿಗೆ ಹೋಯಿತು, ಉಳಿದಲ್ಲಿ ಬಳ್ಳಾರಿ ಜಾಲಿ ಹಬ್ಬಿತು. ಮೇವಿನ ಬಯಲು ಕುಗ್ಗಿದ ಹಾಗೆ ನೂರು ಕುರಿಯ ಹಿಂಡು ಕಷ್ಟವಾಗಿ, ಐದು ಮರಿಯ ಕೊಟ್ಟಿಗೆ ಸುಲಭವಾಯಿತು.

ಉಣ್ಣೆ ಬಿದ್ದ ಕಥೆ ಚಿಕ್ಕದು. ಗಿರಣಿ ಹೊದಿಕೆ ಅಗ್ಗವಾಗಿ ಕಂಬಳಿ ಕೇಳುವವರು ಕಡಿಮೆಯಾದರು. ದಖ್ಖನಿಗೆ ಮೆರಿನೊ, ರಾಂಬುಯೆ ತಳಿಗಳ ಟಗರು ಬಿಟ್ಟು ನಯವಾದ ಉಣ್ಣೆ ತೆಗೆಯುವ ಪ್ರಯೋಗಗಳು ನಡೆದರೂ ಒಣ ಬಯಲಿನ ಹಿಂಡುಗಳಲ್ಲಿ ಅವು ನೆಲೆಯೂರಲಿಲ್ಲ. ಕತ್ತರಿಸುವ ಕೂಲಿಗೂ ಉಣ್ಣೆ ಸಾಲದಾದಾಗ ಕೂದಲು ಮೈಯ ಎತ್ತರದ ಟಗರುಗಳನ್ನು ರೈತರೇ ತಂದು ಬಿಟ್ಟರು. ಈಗ ಸಂತೆಯಲ್ಲಿ ಕಾಣುವ ಎಷ್ಟೋ ಮರಿಗಳಲ್ಲಿ ದಖ್ಖನಿಯ ಜೊತೆ ನೆಲ್ಲೂರಿನಂಥ ತಳಿಗಳ ರಕ್ತವಿದೆ. ಮರಿಗೆ ಬೇಗ ಮೈ ಬಂತು. ಬರಗಾಲ ತಡೆಯುವ ಹಳೆಯ ಗಟ್ಟಿತನ ಅಷ್ಟರಮಟ್ಟಿಗೆ ತೆಳುವಾಯಿತು. ಇದು ಸಣ್ಣ ನಷ್ಟವಲ್ಲ.

ತೊಗರಿಯ ಪಾಲು. ಈ ಕಸುಬಿನ ನಿಜವಾದ ತಿರುವು ಇಲ್ಲಿದೆ. ಜೋಳದ ಜೊತೆ ಅಕ್ಕಡಿಯಾಗಿ ಬೆಳೆಯುತ್ತಿದ್ದ ತೊಗರಿ ಕ್ರಮೇಣ ಮುಖ್ಯ ಬೆಳೆಯಾಯಿತು. ಸೊರಗು ರೋಗ ಬೆಳೆಯನ್ನೇ ಒಣಗಿಸುತ್ತಿದ್ದ ಕಾಲದಲ್ಲಿ, 1980ರ ದಶಕದ ಮಧ್ಯದಲ್ಲಿ, ಅದನ್ನು ತಡೆಯುವ ‘ಮಾರುತಿ’ ತಳಿ ಬಂದು ರೈತರಿಗೆ ಧೈರ್ಯ ಕೊಟ್ಟಿತು. ಕಲಬುರಗಿಯಲ್ಲಿ ದಾಲ್ ಮಿಲ್ಲುಗಳು ಹೆಚ್ಚಿದವು. ಜಿಲ್ಲೆಗೆ ತೊಗರಿ ಕಣಜವೆಂಬ ಹೆಸರು ಬಂತು. 2019ರಲ್ಲಿ ಇಲ್ಲಿನ ಬೇಳೆಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಬೇಳೆಯ ಕೀರ್ತಿಯ ಬಗ್ಗೆ ಬರೆದವರು ಬಹಳ, ಹೊಟ್ಟಿನ ಬಗ್ಗೆ ಬರೆದವರು ಕಡಿಮೆ. ಡಿಸೆಂಬರ್–ಜನವರಿಯಲ್ಲಿ ರಾಶಿ ಮಾಡಿದಾಗ ಕಾಳು ಚೀಲಕ್ಕೆ ಹೋದರೆ ಕಾಯಿಸಿಪ್ಪೆ, ಒಣ ಎಲೆಯ ಹೊಟ್ಟು ಬಣವೆಗೆ ಹೋಗುತ್ತದೆ. ಜೋಳದ ಕಣಿಕೆಗಿಂತ ಇದರಲ್ಲಿ ಸಸಾರಜನಕ ಹೆಚ್ಚು, ಕುರಿಗೆ ರುಚಿಯೂ ಹೆಚ್ಚು. ಮಿಲ್ಲಿನಿಂದ ಬರುವ ಚುನ್ನಿ, ಅಂದರೆ ಬೇಳೆಯ ನುಚ್ಚು ಮತ್ತು ಸಿಪ್ಪೆ, ಹಿಂಡಿಗಿಂತ ಅಗ್ಗದ ಕೈತಿಂಡಿ. ಹೊಟ್ಟು ಮನೆಯದು, ಚುನ್ನಿ ಪೇಟೆಯದು. ಕೊಂಡು ತರಬೇಕಾದದ್ದು ಮರಿ ಮತ್ತು ಚುನ್ನಿ ಮಾತ್ರ.

ಬಯಲಲ್ಲಷ್ಟೇ ಮೇಯುವ ಮರಿ ದಿನಕ್ಕೆ 50–70 ಗ್ರಾಂ ಬೆಳೆದರೆ, ಹೊಟ್ಟಿನ ಜೊತೆ 200–300 ಗ್ರಾಂ ಕೈತಿಂಡಿ ಸಿಕ್ಕಿದ್ದು 100 ಗ್ರಾಂ ಆಸುಪಾಸು ಬೆಳೆಯುತ್ತದೆ. ಮೂರು ತಿಂಗಳಿಗೆ 12 ಕಿಲೋ ಇದ್ದದ್ದು ಮುಂದಿನ ಐದು ತಿಂಗಳಲ್ಲಿ 25 ದಾಟಬಲ್ಲದು. ಬಾಣಲೆ, ಕಲ್ಲಿನ ತೊಟ್ಟಿ, ಜಂತಿಗೆ ತಲೆಕೆಳಗಾಗಿ ಕಟ್ಟಿದ ಬೇವಿನ ಟೊಂಗೆ, ಬೇಸಿಗೆಯಲ್ಲಿ ಆರಿಸಿ ತಂದ ಜಾಲಿ ಕಾಯಿ: ಬೇಕಾಗುವ ಸಲಕರಣೆ ಇಷ್ಟೇ. ಈ ಕೆಲಸ ನಡೆಸಿಕೊಂಡು ಬಂದವರು ಹೆಂಗಸರು. ಕೂಲಿಯಿಂದ ಬರುವಾಗ ಸೀರೆಯ ಸೆರಗಿನಲ್ಲಿ ಕಳೆ ಕಟ್ಟಿ ತರುವವರೂ ಅವರೇ, ಮರಿ ಮೇವು ಬಿಟ್ಟಿತೆಂದು ಮೊದಲು ಗುರುತಿಸುವವರೂ ಅವರೇ. ಜಮೀನಿಲ್ಲದವರು ಪಾಲಿಗೆ ಸಾಕುವುದುಂಟು: ಮರಿ ಒಬ್ಬರದು, ಮೇವು ಮತ್ತು ದುಡಿಮೆ ಇನ್ನೊಬ್ಬರದು, ಮಾರಿದ ಮೇಲೆ ಲಾಭದಲ್ಲಿ ಪಾಲು. 2000–01ರಲ್ಲಿ ಸ್ತ್ರೀಶಕ್ತಿ ಗುಂಪುಗಳು ಬಂದ ಮೇಲೆ ಗುಂಪಿನ ಸಾಲದಲ್ಲಿ ಸ್ವಂತ ಮರಿ ಕೊಳ್ಳುವ ದಾರಿ ತೆರೆಯಿತು. ಚಿಂಚೋಳಿಯ ತಾಂಡಾಗಳಲ್ಲಿ ದುಡಿಯುವ ವಯಸ್ಸಿನವರು ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೋದಾಗ ಆಡು ಮರಿಗಳ ಜೊತೆ ಮನೆ ಕಾಯುವವರು ಮುದುಕರು.

ಬಕ್ರೀದಿನ ಲೆಕ್ಕ. ಕುರ್ಬಾನಿಯ ಟಗರಿಗೆ ಒಳ್ಳೆಯ ಬೆಲೆ. ಅದಕ್ಕೆ ವಯಸ್ಸು ತುಂಬಿರಬೇಕು, ಕುಂಟು, ಕುರುಡು ಇರಬಾರದು. ಹಾಗಾಗಿ ಸಾಕುವವರು ಕಣ್ಣು, ಕಾಲು, ಕಿವಿ, ಕೊಂಬು ಕಾಪಾಡುತ್ತಾರೆ. ಹಬ್ಬ ಚಾಂದ್ರಮಾನದ್ದಾದ್ದರಿಂದ ಪ್ರತಿವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. 2006ರಲ್ಲಿ ಅದು ಜನವರಿಯಲ್ಲಿ, ತೊಗರಿ ರಾಶಿಯ ಹೊತ್ತಿಗೇ ಬಂದಿತ್ತು. 2024ರಲ್ಲಿ ಜೂನ್ 17ಕ್ಕೆ, 2025ರಲ್ಲಿ ಜೂನ್ 7ಕ್ಕೆ ಬಂತು. ಅಂದರೆ ಬೇಸಿಗೆ ಪೂರ್ತಿ ದಾಟುವಷ್ಟು ಹೊಟ್ಟು ಕೂಡಿಟ್ಟವನಿಗೆ ಮಾತ್ರ ಹಬ್ಬದ ಲಾಭ. ಯಾವ ತಿಂಗಳಲ್ಲಿ ಮರಿ ಕೊಳ್ಳಬೇಕೆಂಬ ಹಿಂದಿನ ತಲೆಮಾರಿನ ಲೆಕ್ಕ ಮುಂದಿನವರಿಗೆ ಹಾಗೇ ಉಪಯೋಗಕ್ಕೆ ಬರುವುದಿಲ್ಲ. ಹಬ್ಬ ಅದೇ ಹಂಗಾಮಿಗೆ ಮರಳಲು ಸುಮಾರು 33 ವರ್ಷ ಬೇಕು.

ಸಂತೆಯಲ್ಲಿ ತೂಕದ ಯಂತ್ರಕ್ಕಿಂತ ಕೈ ಅಂದಾಜೇ ದೊಡ್ಡದು. ಬೆನ್ನುಮೂಳೆಯ ಪಕ್ಕ, ಬಾಲದ ಬುಡ ಒತ್ತಿ ನೋಡಿ ದಲಾಲರು ಬೆಲೆ ಕಟ್ಟುತ್ತಾರೆ. ಇಂತಿಷ್ಟು ಕಿಲೋ ಎಂದು ಅಳೆದು ಮಾರಿದ್ದರೆ ಮೇಯಿಸಿದವರಿಗೆ ಇನ್ನಷ್ಟು ಸಿಗುತ್ತಿತ್ತು. ತೂಗುವ ಪದ್ಧತಿ ಹಳ್ಳಿ ಸಂತೆಗಳಲ್ಲಿ ಬೇರೂರದಿರುವುದು ಈ ಕಸುಬಿನ ದೊಡ್ಡ ಕೊರತೆ.

ರೋಗ. ಕಟ್ಟಿ ಮೇಯಿಸುವುದು ಹೆಚ್ಚಿದಂತೆ ಅದರದೇ ರೋಗಗಳೂ ಮುಂದೆ ಬಂದವು. ಬೇಗ ಮೈ ಬರಲೆಂದು ಒಮ್ಮೆಲೇ ಕಾಳು ಸುರಿದರೆ ಕರುಳುಬೇನೆ ತಗಲಿ ಕೊಬ್ಬಿದ ಮರಿಯೇ ಮೊದಲು ಸಾಯುತ್ತದೆ. ನೀರು ಕಡಿಮೆ, ಕಾಳು ಹೆಚ್ಚಾದ ಗಂಡುಮರಿಗಳಿಗೆ ಮೂತ್ರದ ಹರಳು. ಬೇರೆ ಬೇರೆ ಹಿಂಡಿನ ಮರಿ ಒಂದೆಡೆ ಸೇರುವುದರಿಂದ ಹಿರೇಬೇನೆ (ಪಿಪಿಆರ್) ಹರಡುವುದು ಸುಲಭ. ಭಾರತದಲ್ಲಿ ಇದು ಮೊದಲು ಗುರುತಾದದ್ದು 1987ರಲ್ಲಿ, ತಮಿಳುನಾಡಿನಲ್ಲಿ. ಲಸಿಕೆ ಬಂದ ಮೇಲೆ ಸಾವು ತಗ್ಗಿತು. ಸತ್ತ ಕುರಿಗೆ ಪರಿಹಾರ ಕೊಡುವ ರಾಜ್ಯದ ‘ಅನುಗ್ರಹ’ ಯೋಜನೆ ನಡುವೆ ನಿಂತು 2023ರಲ್ಲಿ ಮತ್ತೆ ಶುರುವಾಯಿತು.

ಇತ್ತೀಚಿನ ದಿನಗಳು. ಸೇಡಂ, ಚಿಂಚೋಳಿ ತೆಲಂಗಾಣದ ಗಡಿಗೆ ಅಂಟಿವೆ. ಇಲ್ಲಿನ ಮರಿಗೆ ದೊಡ್ಡ ಪೇಟೆ ಹೈದರಾಬಾದು. 2017ರ ಜೂನಿನಲ್ಲಿ ತೆಲಂಗಾಣ ಸರ್ಕಾರ 75% ಸಹಾಯಧನದಲ್ಲಿ 20 ಹೆಣ್ಣುಕುರಿ, ಒಂದು ಟಗರಿನ ಘಟಕಗಳನ್ನು ಹಂಚತೊಡಗಿ, ಕುರಿಗಳನ್ನು ನೆರೆ ರಾಜ್ಯಗಳಿಂದ ಕೊಂಡಿತು. ಕರ್ನಾಟಕದ ಸಂತೆಗಳಿಂದಲೂ ಹೆಣ್ಣುಕುರಿ ಗಡಿ ದಾಟಿದವು. ಮಾರಿದವರಿಗೆ ಅದು ಸುಗ್ಗಿ. ಮರಿ ಕೊಂಡು ಮೇಯಿಸುವವರಿಗೆ ಬಂಡವಾಳ ಹೆಚ್ಚಿತು. 2019ರ ಜಾನುವಾರು ಗಣತಿಯಲ್ಲಿ ತೆಲಂಗಾಣ 1.91 ಕೋಟಿ ಕುರಿಗಳೊಡನೆ ದೇಶದಲ್ಲೇ ಮೊದಲನೆಯದು, ಕರ್ನಾಟಕ 1.11 ಕೋಟಿಯೊಡನೆ ಮೂರನೆಯದು.

2021ರಲ್ಲಿ ಪರಿಷ್ಕೃತವಾದ ರಾಷ್ಟ್ರೀಯ ಜಾನುವಾರು ಮಿಷನ್ ದೊಡ್ಡ ಘಟಕಗಳಿಗೆ 50% ಸಹಾಯಧನ ಕೊಡುತ್ತದೆ. ಸಂದು ಬಿಟ್ಟ ಹಲಗೆಯ ಅಟ್ಟದ ಮೇಲೆ ನೂರಾರು ಕುರಿ ಸಾಕುವ ಶೆಡ್ಡುಗಳು ಬರತೊಡಗಿವೆ. ಅಲ್ಲಿ ಮೇವೆಲ್ಲ ಕೊಂಡದ್ದು. ಮೇವಿನ ಬೆಲೆ ಏರಿದ ವರ್ಷ ಅಂಥವು ಬೇಗ ಮುಚ್ಚುತ್ತವೆ. ಐದಾರು ಮರಿಯ ಮನೆಗೆ ಆ ಭಯವಿಲ್ಲ, ಆದರೆ ಬೇರೊಂದು ಬಂದಿದೆ. ತೊಗರಿ ಕೊಯ್ಯಲು ಕೂಲಿ ಸಿಗದೆ ಕಟಾವು ಯಂತ್ರ ಹೊಲಕ್ಕಿಳಿದಿದೆ. ಅದು ಕಾಳು ಹಿಡಿದು ಹೊಟ್ಟನ್ನು ಹೊಲದಲ್ಲೇ ಚೆಲ್ಲಿಬಿಡುತ್ತದೆ. ಬಣವೆ ಇಲ್ಲದ ಮನೆ ಮರಿ ಕಟ್ಟುವುದಿಲ್ಲ. ಯಂತ್ರದ ಹಿಂದೆ ಹೊಟ್ಟು ಹಿಡಿಯುವ ಏರ್ಪಾಟಿಗೂ ಶೆಡ್ಡಿಗೆ ಸಿಗುವಂತೆ ಸಹಾಯಧನ ಸಿಗಬೇಕು. ಸಣ್ಣ ಒಕ್ಕಲು ಮರಿಗಿಂತ ಮೊದಲು ಉಳಿಸಿಕೊಳ್ಳಬೇಕಾದದ್ದು ಹೊಟ್ಟನ್ನೇ.