ಬಿಳಿ ಮಚ್ಚೆ ಮತ್ತು ಎರಡು ಊರಿನ ನೀರು

ಮೊನ್ನೆ ರಜೆಗೆ ಮಡಿಕೇರಿಗೆ ಹೋಗಿದ್ದಾಗ ಇಂಜಿನಿಯರಿಂಗ್ ಕೊನೇ ವರ್ಷದ ಗ್ರೂಪ್ ಫೋಟೋ ಕೈಗೆ ಸಿಕ್ತು. ಎಲ್ಲರೂ ಹಲ್ಲು ಕಿರಿದು ನಿಂತಿದ್ದೇವೆ, ಪಾವಗಡದ ನನ್ನ ರೂಮ್‌ಮೇಟ್ ಒಬ್ಬನನ್ನು ಬಿಟ್ಟು. ಅವನು ಯಾವ ಫೋಟೋದಲ್ಲೂ ಬಾಯಿ ಬಿಟ್ಟು ನಕ್ಕಿಲ್ಲ.

ಮೊದಲ ಸೆಮಿಸ್ಟರ್‌ನಲ್ಲಿ ನಾನು ಅವನನ್ನು ಕೇಳಿದ್ದೆ: "ಏನೋ, ಹಲ್ಲು ಉಜ್ಜಲ್ವಾ?" ಅವನ ಹಲ್ಲಿನ ಮೇಲೆ ಸುಣ್ಣ ಬಳಿದಂಥ ಬಿಳಿ ಮಚ್ಚೆಗಳು, ನಡುನಡುವೆ ಕಂದು ಗೆರೆ. "ನಮ್ಮೂರಲ್ಲಿ ಎಲ್ಲರದ್ದೂ ಹೀಗೇ" ಅಂದ. ಅಷ್ಟೇ.

ತಮಾಷೆ ಅಂದ್ರೆ ನನ್ನ ಹಲ್ಲಲ್ಲೂ ಬಿಳಿ ಮಚ್ಚೆ ಇತ್ತು! ಹೈಸ್ಕೂಲಿನಲ್ಲಿ ಹಾಕಿಸಿದ್ದ ಕ್ಲಿಪ್ ತೆಗೆದಾಗ, ಅದು ಅಂಟಿದ್ದ ಜಾಗದ ಸುತ್ತ ಸೀಮೆಸುಣ್ಣದ ಚೌಕಟ್ಟು. ಕ್ಲಿಪ್ಪಿನ ಸಂದಿಯಲ್ಲಿ ಉಳಿದ ಸಿಹಿಯನ್ನು ಬ್ಯಾಕ್ಟೀರಿಯಾ ಆಮ್ಲ ಮಾಡುತ್ತೆ. ಪಿಎಚ್ ಸುಮಾರು ೫.೫ಕ್ಕಿಂತ ಕೆಳಗಿಳಿದರೆ ಎನಾಮೆಲ್‌ನ ಕ್ಯಾಲ್ಸಿಯಂ, ಫಾಸ್ಫೇಟ್ ಕರಗಿ, ಮೇಲ್ಪದರದ ಕೆಳಗೆ ಕಣ್ಣಿಗೆ ಕಾಣದ ರಂಧ್ರಗಳಾಗುತ್ತವೆ. ಬೆಳಕು ಅಲ್ಲಿ ಚದುರುವುದರಿಂದ ಆ ಜಾಗ ಬೆಳ್ಳಗೆ ಕಾಣುತ್ತೆ. ಅಂದ್ರೆ ಸರಿಯಾಗಿ ಹಲ್ಲುಜ್ಜದವನು ನಾನು, ಅವನಲ್ಲ.

ಅವನ ಮಚ್ಚೆಯ ಕಥೆ ಹುಡುಕುತ್ತಾ ಹೋದರೆ ಅದು ಅಮೆರಿಕಕ್ಕೆ ಕರೆದುಕೊಂಡು ಹೋಯಿತು. ೧೯೦೧ರಲ್ಲಿ ಫ್ರೆಡೆರಿಕ್ ಮೆಕೇ ಎಂಬ ಯುವ ದಂತವೈದ್ಯ ಕೊಲರಾಡೋ ಸ್ಪ್ರಿಂಗ್ಸ್‌ಗೆ ಬಂದಾಗ ಊರಿನ ಮಕ್ಕಳ ಹಲ್ಲೆಲ್ಲ ಕಂದು ಕಲೆ. ಯಾಕೆ ಅಂತ ಯಾರಿಗೂ ಗೊತ್ತಿಲ್ಲ. ಆಗಿನ ದೊಡ್ಡ ದಂತತಜ್ಞ ಜಿ.ವಿ. ಬ್ಲ್ಯಾಕ್ ೧೯೦೯ರಲ್ಲಿ ಬಂದು ಜೊತೆಗೂಡಿದರು. ಅವರಿಗೆ ಸಿಕ್ಕ ವಿಚಿತ್ರ ಸಂಗತಿ: ಕಲೆ ಬಿದ್ದ ಹಲ್ಲು ಸುಲಭಕ್ಕೆ ಹುಳುಕಾಗುವುದಿಲ್ಲ! ೧೯೨೩ರಲ್ಲಿ ಐಡಾಹೋದ ಓಕ್ಲಿ ಎಂಬ ಊರಿನ ತಾಯಂದಿರು, ಬಿಸಿನೀರಿನ ಬುಗ್ಗೆಯಿಂದ ಹೊಸ ಪೈಪ್‌ಲೈನ್ ಬಂದಮೇಲೆ ಮಕ್ಕಳಿಗೆ ಕಲೆ ಶುರುವಾಯಿತು ಅಂದರು. ಮೆಕೇ ಮಾತು ಕೇಳಿ ಊರವರು ಬೇರೆ ಬುಗ್ಗೆಯ ನೀರಿಗೆ ಬದಲಾದರು. ಆಮೇಲೆ ಹುಟ್ಟಿದ ಮಕ್ಕಳಿಗೆ ಕಲೆ ಇಲ್ಲ. ಕೊನೆಗೆ ೧೯೩೧ರಲ್ಲಿ ಅಲ್ಕೋವಾ ಅಲ್ಯುಮಿನಿಯಂ ಕಂಪನಿಯ ರಸಾಯನಶಾಸ್ತ್ರಜ್ಞ ಚರ್ಚಿಲ್ ನೀರಿನಲ್ಲಿದ್ದ ಅಪರಾಧಿಯನ್ನು ಹಿಡಿದರು: ಫ್ಲೋರೈಡ್.

ಹೆಚ್ಚಾದರೆ ಕಲೆ, ಹದವಾಗಿದ್ದರೆ ರಕ್ಷಣೆ. ಈ ಲೆಕ್ಕದ ಮೇಲೆಯೇ ೧೯೪೫ರಲ್ಲಿ ಗ್ರ್ಯಾಂಡ್ ರ್‍ಯಾಪಿಡ್ಸ್ ನಗರದ ನೀರಿಗೆ ಫ್ಲೋರೈಡ್ ಸೇರಿಸಿದರು, ೧೯೫೦ರ ದಶಕದಲ್ಲಿ ಅದು ಟೂತ್‌ಪೇಸ್ಟ್‌ಗೂ ಬಂತು. ನನ್ನ ಮಚ್ಚೆಗೆ ಡಾಕ್ಟರು ಹೇಳಿದ್ದು ಅದೇ ಔಷಧಿ: ಫ್ಲೋರೈಡ್ ಪೇಸ್ಟ್, ಸಿಹಿ ಕಡಿಮೆ, ಹಲ್ಲಿಗೆ ಫ್ಲೋರೈಡ್ ವಾರ್ನಿಶ್. ತೂತು ಬೀಳದಿದ್ದರೆ ಎಂಜಲಿನ ಕ್ಯಾಲ್ಸಿಯಂ ಮತ್ತೆ ಒಳಗೆ ಕೂರುತ್ತೆ. ನಮ್ಮ ಭಾಷೆಯಲ್ಲಿ 'ಅನ್‌ಡೂ' ಇನ್ನೂ ಕೆಲಸ ಮಾಡುವ ಹಂತ :-) ನನ್ನವು ಪೂರ್ತಿ ಹೋಗಿಲ್ಲ, ಆದರೆ ಮಾಸಿವೆ.

ಅಂದರೆ ಅವನ ಊರಿನವರ ಹಲ್ಲು ಕೆಡಿಸಿದ ವಸ್ತುವೇ ನನ್ನ ಹಲ್ಲು ಉಳಿಸಿತು.

ಅವನಿಗೆ ಆ ಪೇಸ್ಟ್ ಉಪಯೋಗವಿಲ್ಲ. ಫ್ಲೋರೋಸಿಸ್ ಆಗುವುದು ಹಲ್ಲು ಒಸಡಿನೊಳಗೆ ತಯಾರಾಗುವಾಗಲೇ, ಸುಮಾರು ಎಂಟು ವರ್ಷದೊಳಗೆ. ಆಮೇಲೆ ಮಾಡುವುದೆಲ್ಲ ಮೇಲಿನ ದುರಸ್ತಿ. ೧೯೧೬ರಲ್ಲೇ ಅದೇ ಕೊಲರಾಡೋ ಸ್ಪ್ರಿಂಗ್ಸ್‌ನಲ್ಲಿ ವಾಲ್ಟರ್ ಕೇನ್ ಹೈಡ್ರೋಕ್ಲೋರಿಕ್ ಆಮ್ಲದಿಂದ ಕಲೆ ತೆಗೆಯಲು ನೋಡಿದ್ದರು. ಅದರ ಸುಧಾರಿತ ರೂಪವೇ ಈಗಿನ ಮೈಕ್ರೋಅಬ್ರೇಶನ್. ಜರ್ಮನಿಯಲ್ಲಿ ಬೆಳೆದು ೨೦೦೯ರಲ್ಲಿ ಮಾರುಕಟ್ಟೆಗೆ ಬಂದ ಇನ್ನೊಂದು ವಿಧಾನದಲ್ಲಿ ರಂಧ್ರಗಳಿಗೆ ತೆಳು ರೆಸಿನ್ ಇಳಿಸುತ್ತಾರೆ, ಬಿಳಿ ಮರೆಯಾಗುತ್ತೆ. ಎರಡೂ ನೋಟಕ್ಕೆ ಒಳ್ಳೆಯದು. ಆದರೆ ಊರಿಗೆ ಊರೇ ಕಲೆಯಾದಾಗ?

ನಮ್ಮ ಕೊಡಗಿನ ಮನೆಗೆ ಗುಡ್ಡದ ಒರತೆಯಿಂದ ಪೈಪಿನಲ್ಲಿ ನೀರು ಬರುತ್ತೆ. ನಿನ್ನೆ ಮೊನ್ನೆಯ ಮಳೆ ಅದು, ಕಲ್ಲಿನ ಜೊತೆ ಹೆಚ್ಚು ಕಾಲ ಕಳೆದಿಲ್ಲ. ಪಾವಗಡದಲ್ಲಿ ಮಳೆ ಕಡಿಮೆ, ಬೋರ್‌ವೆಲ್ ಆಳ. ಗ್ರಾನೈಟ್ ಬಂಡೆಯೊಳಗೆ ವರ್ಷಗಟ್ಟಲೆ ಕೂತ ನೀರು ಫ್ಲೋರೈಡ್ ಕರಗಿಸಿಕೊಂಡು ಬರುತ್ತೆ. ಕೋಲಾರ, ಬಾಗೇಪಲ್ಲಿ, ಮುಂಡರಗಿ ಕಡೆಯೂ ಇದೇ ಕಥೆ. ನಮ್ಮ ದೇಶದ ಮಾನದಂಡ ಲೀಟರಿಗೆ ೧ ಮಿಲಿಗ್ರಾಂ, ಬೇರೆ ನೀರಿಲ್ಲದಿದ್ದರೆ ೧.೫.

ಇದು ನಮಗೆ ಹೊಸ ಸುದ್ದಿಯೂ ಅಲ್ಲ. ೧೯೩೭ರಲ್ಲೇ ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ಶಾರ್ಟ್ ಮತ್ತು ಸಂಗಡಿಗರು ಫ್ಲೋರೋಸಿಸ್ ಗುರುತಿಸಿ ಬರೆದಿದ್ದರು. ಹಲ್ಲು ಮಾತ್ರವಲ್ಲ, ಮೂಳೆಯೂ ಗಟ್ಟಿಯಾಗಿ ಬೆನ್ನು ಬಗ್ಗಿಸಲಾಗದ ಜನ. ರಾಷ್ಟ್ರೀಯ ಫ್ಲೋರೋಸಿಸ್ ಕಾರ್ಯಕ್ರಮ ಬಂದದ್ದು ೨೦೦೮-೦೯ರಲ್ಲಿ. ನಡುವೆ ಎಪ್ಪತ್ತು ವರ್ಷ! ಓಕ್ಲಿಯವರು ಒಂದು ಪೈಪ್ ಬದಲಾಯಿಸಿ ಮುಗಿಸಿದ್ದರು.

ಫೋಟೋ ನೋಡಿದ ರಾತ್ರಿ ಅವನಿಗೆ ಫೋನ್ ಮಾಡಿದೆ. ಹಳೇ ಪ್ರಶ್ನೆಗೆ ಕ್ಷಮೆ ಕೇಳಿದೆ. ಅವನಿಗೆ ನೆನಪೇ ಇರಲಿಲ್ಲವಂತೆ, ಅಥವಾ ಹಾಗಂದ. ಮಗಳಿಗೆ ಈಗ ಎರಡು ವರ್ಷ, ಶುದ್ಧ ನೀರಿನ ಘಟಕದಿಂದ ಕ್ಯಾನ್ ತರಿಸುತ್ತಾನಂತೆ. "ಅವಳು ಫೋಟೋದಲ್ಲಿ ಬಾಯಿ ತುಂಬಾ ನಗ್ತಾಳೆ ನೋಡು" ಅಂದ.

ನಿಮ್ಮೂರಿನ ನೀರು ಎಲ್ಲಿಂದ ಬರುತ್ತೆ? ಒಮ್ಮೆ ಕೇಳಿ ನೋಡಿ.